ಎಂಟು ಮನೆಗಳ ಮಳೆಗಾಲದ ಸಾಮಾನು

ಪತ್ರಿಕೆಯ ಕೆಲಸಕ್ಕೆ ಈಚೆಗೆ ಸೇರಿದ ಮೂವರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ನಕ್ಸಲರ ಕಾಲದಲ್ಲಿ ಕಾಡಿನೊಳಗೆ ಹೋಗಿದ್ದಿರಾ ಎಂಬುದು ಅವರ ಮೊದಲ ಪ್ರಶ್ನೆ. ಹೋಗಿದ್ದೆ, ಆದರೆ ಆ ಕಾಲದಲ್ಲಿ ನಾನು ಬರೆದ ಸುದ್ದಿಗಳಲ್ಲಿ ಹೆಚ್ಚಿನವು ಠಾಣೆಯ ಮೇಜಿನ ಮೇಲೆ ಸಿಕ್ಕಿದವು ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾಯಿತು. ಅವತ್ತು ಅವರಿಗೆ ಅರ್ಧ ಹೇಳಿ ಬಿಟ್ಟಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಒಂದಿದೆ.

ನನ್ನ ಮನೆ ಕಳಸದಲ್ಲಿ. ಆಗ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ ಈ ಭಾಗಕ್ಕೆಲ್ಲ ನಮ್ಮ ಪತ್ರಿಕೆಗೆ ನಾನೊಬ್ಬನೇ ವರದಿಗಾರ. ಸೇರಿದ ಹೊಸದರಲ್ಲಿ ಸುದ್ದಿಯನ್ನು ಕೈಯಲ್ಲಿ ಬರೆದು, ಲಕೋಟೆಗೆ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕಿತ್ತು. ಬಣಕಲ್‌ನಲ್ಲಿ ಬಸ್ಸು ಕೆಟ್ಟು ನಿಂತರೆ ಸುದ್ದಿಯೂ ಅಲ್ಲೇ ನಿಲ್ಲುತ್ತಿತ್ತು. ಒಮ್ಮೆ ಹಾಗೆ ನಿಂತ ಲಕೋಟೆ ಮರುದಿನ ಅದೇ ಕಂಡಕ್ಟರ್ ಕೈಯಲ್ಲಿ ವಾಪಸು ಬಂತು. ಬಿಚ್ಚಿ ಓದಿದರೆ, ಜಗಳದಲ್ಲಿ ಹೊಡೆದವನ ಹೆಸರು ಮತ್ತು ಹೊಡೆಸಿಕೊಂಡವನ ಹೆಸರು ಅದಲುಬದಲಾಗಿತ್ತು. ಬಸ್ಸು ಕೆಟ್ಟಿದ್ದರಿಂದ ಉಳಿದುಕೊಂಡೆ. ಮುಂದೆ ಫ್ಯಾಕ್ಸ್ ಬಂತು, ಆಮೇಲೆ ಇಂಟರ್ನೆಟ್ ಸೆಂಟರ್ ಬಂತು. ತಡ ಎಂಬುದು ಹೋಯಿತು, ತಡದಲ್ಲಿ ಸಿಗುತ್ತಿದ್ದ ಎರಡನೇ ಓದೂ ಅದರ ಜೊತೆಗೇ ಹೋಯಿತು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಭಯಕ್ಕೆ ಕಾರಣವೇ ಇರಲಿಲ್ಲ ಎಂದು ನಾನು ಬರೆಯಲಾರೆ. ಕಾಡಿನಲ್ಲಿ ಬಂದೂಕು ಹಿಡಿದವರಿದ್ದರು. ಗುಂಡಿಗೆ ಸತ್ತವರ ಮನೆಗಳಿಗೆ ಹೋಗಿದ್ದೇನೆ, ಸಮವಸ್ತ್ರದವರ ಮನೆಗೂ ಅದಿಲ್ಲದವರ ಮನೆಗೂ. ಎರಡೂ ಕಡೆ ಅಂಗಳದಲ್ಲಿ ಜನ ಒಂದೇ ಥರ ಕೂತಿದ್ದರು. ನನ್ನ ಪ್ರಶ್ನೆ ಆ ಭಯದ ಅಳತೆಯದ್ದು. ಅದನ್ನು ಅಳೆದವರು ಯಾರು, ಯಾವ ಕೋಲಿನಿಂದ ಅಳೆದರು?

ಇದು ನನಗೆ ಮೊದಲು ಹೊಳೆದದ್ದು ಒಂದು ಸಂಖ್ಯೆಯಿಂದ. ಕಾಡಿನಲ್ಲಿ ಎಷ್ಟು ಜನರಿದ್ದಾರೆ ಎಂದು ಒಬ್ಬ ಅಧಿಕಾರಿಯನ್ನು ಹೋಟೆಲಿನಲ್ಲಿ ಚಹಾ ಕುಡಿಯುವಾಗ ಕೇಳಿದ್ದೆ. ಅವರು ಒಂದು ಸಂಖ್ಯೆ ಹೇಳಿ, ಅಂದಾಜು ಅಷ್ಟೇ, ಹೆಸರು ಹಾಕಬೇಡಿ ಎಂದರು. ನಾನು 'ಬಲ್ಲ ಮೂಲಗಳ ಪ್ರಕಾರ' ಎಂದು ಬರೆದೆ. ಕೆಲವು ತಿಂಗಳ ನಂತರ, ಈ ಭಾಗಕ್ಕೆ ಹೆಚ್ಚಿನ ಪಡೆ ಬೇಕೆಂದು ಮೇಲಕ್ಕೆ ಹೋದ ಒಂದು ಟಿಪ್ಪಣಿಯ ಪ್ರತಿ ನನ್ನ ಕೈಗೆ ಬಂತು. ಅದರಲ್ಲಿ ಅದೇ ಸಂಖ್ಯೆ ಇತ್ತು. ಎದುರಿಗೆ 'ಪತ್ರಿಕಾ ವರದಿಗಳ ಪ್ರಕಾರ' ಎಂದಿತ್ತು. ಆ ಟಿಪ್ಪಣಿಯನ್ನು ಆಧರಿಸಿ ಇನ್ನೊಂದು ಪತ್ರಿಕೆ 'ಸರ್ಕಾರಿ ಅಂಕಿಅಂಶ' ಎಂದು ಬರೆಯಿತು. ಚಹಾದ ಮೇಜಿನಿಂದ ಹೊರಟ ಅಂದಾಜು ಮೂರು ಮನೆ ಸುತ್ತಿ ಸತ್ಯವಾಗಿ ಬಂದಿತ್ತು. ಆ ಅಧಿಕಾರಿಗೆ ಇದನ್ನು ಹೇಳಿದಾಗ ಅವರು ನಕ್ಕರು. "ನೀವು ಬರ್ದಿದ್ದಕ್ಕೇ ಅಲ್ವಾ ಮಾರಾಯ್ರೆ ಅದಕ್ಕೊಂದು ತೂಕ ಬಂದಿದ್ದು" ಎಂದರು. ನಾನೂ ನಕ್ಕೆ. ನಗಬಾರದಿತ್ತು.

ನಮ್ಮ ಸುದ್ದಿ ಸಂಪಾದಕರಿಗೆ ಒಂದು ಅಭ್ಯಾಸವಿತ್ತು. ಯಾವ ವರದಿ ಕಳಿಸಿದರೂ ಫೋನ್ ಮಾಡಿ "ಯಾರು ಹೇಳಿದ್ದು?" ಎಂದು ಕೇಳುತ್ತಿದ್ದರು. ಹೇಳಿದ ಮೇಲೆ "ಅವರಿಗೆ ಯಾರು ಹೇಳಿದ್ದು?" ಎನ್ನುತ್ತಿದ್ದರು. ಎರಡನೇ ಪ್ರಶ್ನೆ ಬರುವ ಹೊತ್ತಿಗೆ ನನಗೆ ಸಿಟ್ಟು ಬರುತ್ತಿತ್ತು. ಪುಟ್ಟಯ್ಯನ ಸುದ್ದಿ ಕಳಿಸಿದ ದಿನ ಅವರು ರಜೆಯಲ್ಲಿದ್ದರು.

ಪುಟ್ಟಯ್ಯ ಕುದುರೆಮುಖದ ಕಡೆಯ ಕಾಡಂಚಿನ ಒಂದು ಹಾಡಿಯವನು. ಗಣಿ ನಿಂತು ಕುದುರೆಮುಖದ ಮನೆಗಳು ಖಾಲಿಯಾಗುತ್ತಿದ್ದ ಹೊತ್ತು ಅದು. ಹಾಡಿಗೆ ಜೀಪು ಹೋಗುವ ದಾರಿ ಇಲ್ಲ. ರಸ್ತೆ ಮುಗಿದ ಮೇಲೆ ಒಂದು ಹಳ್ಳ ದಾಟಿ ಒಂದೂವರೆ ಗಂಟೆ ನಡೆಯಬೇಕು. ಹಳ್ಳಕ್ಕೆ ಮರದ ದಿಮ್ಮಿಯ ಕಾಲುಸಂಕ, ಅದು ಪ್ರತಿ ವರ್ಷ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ. ಹಾಗಾಗಿ ಮೇ ತಿಂಗಳ ಕೊನೆಯಲ್ಲಿ ಹಾಡಿಯಿಂದ ಒಬ್ಬ ಕಳಸಕ್ಕೆ ಬಂದು, ಎಲ್ಲ ಮನೆಗಳಿಗೂ ಮೂರು ತಿಂಗಳಿಗೆ ಬೇಕಾದ್ದನ್ನು ಒಟ್ಟಿಗೆ ಕೊಂಡು, ಜೀಪಿನಲ್ಲಿ ರಸ್ತೆ ಮುಗಿಯುವಲ್ಲಿಗೆ ಮುಟ್ಟಿಸುತ್ತಿದ್ದ. ಅಲ್ಲಿಂದ ಎಲ್ಲರೂ ಬಂದು ತಲೆಹೊರೆಯಲ್ಲಿ ಸಾಗಿಸುತ್ತಿದ್ದರು. ಒಂದೊಂದು ವರ್ಷ ಒಬ್ಬೊಬ್ಬರ ಪಾಳಿ. ಆ ವರ್ಷ ಪುಟ್ಟಯ್ಯನದು.

ದಾರಿಯ ಪೊಲೀಸ್ ನಾಕಾದಲ್ಲಿ ಜೀಪು ನಿಲ್ಲಿಸಿದರು. ಇಷ್ಟೆಲ್ಲ ಯಾರಿಗೆ ಎಂದು ಕೇಳಿದರು. ಎಂಟು ಮನೆಗೆ ಎಂದ. ಎಂಟು ಮನೆಯವರು ಎಲ್ಲಿ ಎಂದರು. ಮನೆಯಲ್ಲಿ ಎಂದ. ಅವನನ್ನು ಇಳಿಸಿಕೊಂಡರು, ಸಾಮಾನನ್ನೂ ಇಳಿಸಿಕೊಂಡರು.

ಠಾಣೆಯ ಹೆಸರು ಬರೆಯುವುದಿಲ್ಲ. ಈಗ ಅಲ್ಲಿರುವವರು ಯಾರೂ ಆಗ ಇದ್ದವರಲ್ಲ. ಮರುದಿನ ಪತ್ರಿಕೆಯವರನ್ನು ಕರೆದರು. ಉದ್ದ ಮೇಜಿನ ಮೇಲೆ ಟಾರ್ಚು, ಸೆಲ್ಲಿನ ಪೊಟ್ಟಣ, ಮೇಣದಬತ್ತಿ, ಜ್ವರದ ಮಾತ್ರೆ, ಟಾರ್ಪಾಲು, ಬೆಂಕಿಪೊಟ್ಟಣ, ಒಣಮೀನು ಜೋಡಿಸಿಟ್ಟಿದ್ದರು. ಮೇಜಿನ ಮುಂದೆ ನೆಲದ ಮೇಲೆ ಅಕ್ಕಿ ಮೂಟೆ, ಉಪ್ಪಿನ ಚೀಲ, ಸಾಲಾಗಿ ಗಮ್ ಬೂಟು. ಹಿಂದೆ ಪುಟ್ಟಯ್ಯ ಮುಖಕ್ಕೆ ಟವೆಲ್ ಮುಚ್ಚಿಕೊಂಡು ನಿಂತಿದ್ದ. ಟವೆಲ್ ಅವನದಲ್ಲ, ಯಾರೋ ಕೊಟ್ಟದ್ದು. ನಕ್ಸಲರಿಗೆ ಮಳೆಗಾಲದ ದಾಸ್ತಾನು ಸಾಗಿಸುತ್ತಿದ್ದವನು ಎಂದು ಇನ್ಸ್‌ಪೆಕ್ಟರ್ ಹೇಳಿದರು. ನಾನು ಎರಡು ಪ್ರಶ್ನೆ ಕೇಳಿದೆ: ವಯಸ್ಸೆಷ್ಟು, ಊರು ಯಾವುದು. ಊರಿನಲ್ಲಿ ಎಷ್ಟು ಮನೆ ಎಂದು ಕೇಳಲಿಲ್ಲ.

ಇಂಟರ್ನೆಟ್ ಸೆಂಟರಿಗೆ ಬಂದು ಸುದ್ದಿ ಟೈಪ್ ಹೊಡೆದೆ. ಠಾಣೆಯಲ್ಲಿ ನಾನು ತೆಗೆದ ಚಿತ್ರದ ಫೈಲು ಭಾರವಾಗಿ ಹೋಗುತ್ತಿರಲಿಲ್ಲ, ಡೆಸ್ಕಿನವರು ಎರಡು ಕಾಲಂ ಸಾಕು ಎಂದಿದ್ದರು. ಎಡಬದಿ ಕತ್ತರಿಸಿದೆ, ಟಾರ್ಚು, ಮೂಟೆ, ಸಾಲಿನ ದೊಡ್ಡ ಬೂಟುಗಳು ಎದ್ದು ಕಾಣುವಂತೆ. 'ನಕ್ಸಲರಿಗೆ ದಿನಸಿ ಪೂರೈಕೆ: ಒಬ್ಬನ ಬಂಧನ' ಎಂದು ನಾನೇ ಶೀರ್ಷಿಕೆ ಕೊಟ್ಟೆ. 'ಆರೋಪ' ಎಂಬ ಪದ ಅದರಲ್ಲಿ ಇರಲಿಲ್ಲ. ಒಳಗೆ 'ಪೊಲೀಸರು ತಿಳಿಸಿದ್ದಾರೆ' ಎಂದು ಒಂದು ಕಡೆ ಇತ್ತು, ಕೊನೆಯ ಸಾಲಿನಲ್ಲಿ. ಜಿಲ್ಲಾ ಪುಟದ ಮೊದಲ ಸುದ್ದಿಯಾಗಿ ಬಂತು.

ಮೂರು ನಾಲ್ಕು ದಿನ ಕಳೆದು ಪೇಟೆಯಲ್ಲಿ ನಂಜುಂಡಪ್ಪನವರ ಅಂಗಡಿಗೆ ಹೋಗಿದ್ದೆ. ಪುಟ್ಟಯ್ಯ ಸಾಮಾನು ಕೊಂಡಿದ್ದು ಅಲ್ಲಿಂದಲೇ. ನಾವೂ ತಲೆತಲಾಂತರದಿಂದ ಅಲ್ಲೇ ಕೊಳ್ಳುವವರು. ನಂಜುಂಡಪ್ಪನವರು ಗಲ್ಲಾದ ಮೇಲೆ ಒಂದು ಹೊಸ ನೋಟ್‌ಬುಕ್ ಇಟ್ಟುಕೊಂಡಿದ್ದರು. ಒಟ್ಟಿಗೆ ಜಾಸ್ತಿ ಸಾಮಾನು ಕೊಳ್ಳುವವರ ಹೆಸರು, ಊರು ಬರೆದಿಡಿ ಎಂದು ಠಾಣೆಯಿಂದ ಹೇಳಿದ್ದಾರಂತೆ. ಅದನ್ನು ತಿರುಗಿಸಿ ನನ್ನ ಮುಂದೆ ಇಟ್ಟರು.

"ಏನ್ ಮಾಡ್ಲಿ ಮಾರಾಯ್ರೆ? ಹೋದ ವಾರ ನಿಮ್ಮನೆಗೂ ಎರಡು ಮೂಟೆ ಅಕ್ಕಿ, ಟಾರ್ಪಾಲು, ಸೆಲ್ಲು ಎಲ್ಲ ಹೋಗಿದೆ. ನಿಮ್ಮ ಹೆಸ್ರು ಬರೀಲಾ, ಬೇಡ್ವಾ?"

ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ನಂಜುಂಡಪ್ಪನವರು ನಗಲಿಲ್ಲ. ಉತ್ತರಕ್ಕೆ ಕಾಯುತ್ತಿರುವಂತೆ ಪೆನ್ನು ಹಿಡಿದೇ ಇದ್ದರು.

ದೂರದ ಊರಿನಿಂದ ಬಂದ ವರದಿಗಾರನೊಬ್ಬ ಆ ಮೇಜನ್ನು ನೋಡಿ ಮೋಸಹೋಗಿದ್ದರೆ ಅದು ತಿಳಿಯದೆ ಮಾಡಿದ ತಪ್ಪು. ನಾನು ಇದೇ ಊರಿನವನು. ಮಳೆಗೆ ಮುಂಚೆ ಸಾಮಾನು ತುಂಬಿಸಿಡುವುದನ್ನು ಹುಟ್ಟಿದಾಗಿನಿಂದ ಕಂಡವನು. ಅದೇ ವಾರ ನಾನೇ ಅಟ್ಟಕ್ಕೆ ಮೂಟೆ ಏರಿಸಿ ಬೆನ್ನು ಹಿಡಿದುಕೊಂಡು ಕೂತಿದ್ದೆ. ಅವೇ ಸಾಮಾನನ್ನು ಠಾಣೆಯ ಮೇಜಿನ ಮೇಲೆ ಕಂಡಾಗ ದಾಸ್ತಾನು ಎಂದು ಬರೆದೆ. ನನ್ನ ಮನೆಯಲ್ಲಿ ಅದಕ್ಕೆ ಆ ಹೆಸರಿರಲಿಲ್ಲ.

ಸೆಂಟರಿಗೆ ಹೋಗಿ ಪೂರ್ತಿ ಚಿತ್ರ ತೆರೆದೆ. ನಾನು ಕತ್ತರಿಸಿ ಬಿಟ್ಟ ಎಡಬದಿಯಲ್ಲಿ ಬೂಟಿನ ಸಾಲು ಮುಂದುವರಿದಿತ್ತು. ಅಲ್ಲಿದ್ದ ಕೊನೆಯ ಎರಡು ಜೊತೆ ಮಕ್ಕಳವು. ಶಾಲೆಗೆ ಹೋಗುವ ವಯಸ್ಸಿನ ಕಾಲಿನ ಅಳತೆ, ಒಂದು ಜೊತೆಯ ಬಣ್ಣ ಕೆಂಪು.

ಸುದ್ದಿ ಸಂಪಾದಕರಿಗೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಅವರು ರಜೆ ಮುಗಿಸಿ ಬಂದಿದ್ದರು. ಪ್ರಕರಣ ಕೋರ್ಟಿನಲ್ಲಿದೆ, ನಾವು ಯಾರ ಪರವಾಗಿಯೂ ವಾದ ಮಾಡುವವರಲ್ಲ ಎಂದು ಮೊದಲು ಹೇಳಿದರು. ಆಮೇಲೆ ಕೇಳಿದರು.

"ಚಿತ್ರ ಕತ್ತರಿಸಿದ್ದು ಯಾರು?"

"ನಾನೇ ಸಾರ್."

"ಹಾಗಾದ್ರೆ ಅದು ಕೋರ್ಟಿನ ವಿಷಯ ಅಲ್ಲ, ನಮ್ಮ ವಿಷಯ. ಪೂರ್ತಿ ಹಾಕೋಣ. ಆದ್ರೆ ಎಂಟು ಮನೆ ಇದೆ ಅಂತ ಯಾರು ಹೇಳಿದ್ದು?"

"ನಾಕಾದಲ್ಲಿ ಅವನೇ ಹೇಳಿದ್ನಂತೆ ಸಾರ್, ಜೀಪಿನ ಡ್ರೈವರ್ ಹೇಳಿದ."

"ಹೋಗಿ ಎಣಿಸಿ ಬಾ."

ಹೋಗುವುದಕ್ಕೆ ಒಂದು ವಾರ ತಡವಾಯಿತು. ಗ್ರಾಮ ಪಂಚಾಯಿತಿಯ ಸುದ್ದಿ, ಒಂದು ಅಪಘಾತ, ಹೀಗೆ ಕಾರಣಗಳಿದ್ದವು, ಈಗ ಅವನ್ನು ಪಟ್ಟಿ ಮಾಡಿದರೆ ನನಗೇ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಮಳೆ ಹಿಡಿಯಿತು. ನಾನು ಹಳ್ಳದ ಬಳಿ ತಲುಪಿದಾಗ ಕಾಲುಸಂಕ ಹೋಗಿತ್ತು. ಕೆಂಪು ನೀರು ಎರಡು ದಡ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಒಬ್ಬ ಹೆಂಗಸು ಮಳೆಗೆ ತಲೆಬೆನ್ನು ಮುಚ್ಚುವ ಎಲೆಯ ಗೊರಬು ಹಾಕಿಕೊಂಡು ನಿಂತಿದ್ದಳು. ಪುಟ್ಟಯ್ಯನ ಹೆಂಡತಿ ಗಿರಿಜ ಅವಳು ಎಂದು ಮಾತಾಡಿದ ಮೇಲೆ ತಿಳಿಯಿತು. ದಿನಾ ಆ ಹೊತ್ತಿಗೆ ಅಲ್ಲಿಗೆ ಬಂದು ರಸ್ತೆ ನೋಡಿ ಹೋಗುತ್ತಿದ್ದಳಂತೆ.

ಪತ್ರಿಕೆಯವನು ಎಂದು ಕೂಗಿ ಹೇಳಿದೆ. ನೀರಿನ ಸದ್ದಿನಲ್ಲಿ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳಬೇಕಿತ್ತು. ಎಷ್ಟು ಮನೆ ಎಂದು ಕೇಳಿದೆ. ಅವಳು ಒಂದೊಂದೇ ಮನೆಯ ಯಜಮಾನನ ಹೆಸರು ಕೂಗಿ ಬೆರಳು ಎತ್ತಿದಳು. ಎಂಟು ಬೆರಳು. ನಾನು ಕೊಡೆಯ ಕೆಳಗೆ ಎಂಟು ಹೆಸರು ಬರೆದುಕೊಂಡೆ. ಎಲ್ಲ ಹೇಳಿಯಾದ ಮೇಲೆ ಅವಳು ಕೇಳಿದಳು.

"ಅವ್ರನ್ನ ಯಾವಾಗ ಬಿಡ್ತಾರೆ?"

ಗೊತ್ತಿಲ್ಲ ಎಂದೆ. ತಡವಾಗಬಹುದು ಎಂದೆ.

"ಜನ ಬಿಡೋದು ತಡ ಆದ್ರೆ ಅಕ್ಕಿನಾದ್ರೂ ಬಿಡ್ಲಿ."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಂತ್ರಿಗಳ ಭಾಷಣ ಬರೆದುಕೊಂಡಿದ್ದೇನೆ. ಭದ್ರತೆ, ಸ್ವಾತಂತ್ರ್ಯ ಎಂಬ ಮಾತು ಬಂದಾಗೆಲ್ಲ ನನ್ನ ನೆನಪಿಗೆ ಬರುವುದು ಆ ದಡದಿಂದ ಬಂದ ಮಾತು.

ವರದಿ ಪೂರ್ತಿ ಚಿತ್ರದೊಂದಿಗೆ ಬಂತು. ಹಿಂದಿನ ಸಲ ಚಿತ್ರದ ಒಂದು ಭಾಗವನ್ನು ಮಾತ್ರ ಪ್ರಕಟಿಸಲಾಗಿತ್ತು ಎಂಬ ಸಾಲು ಅದರ ಕೆಳಗಿತ್ತು. ಸುದ್ದಿ ಸಂಪಾದಕರು ಅದನ್ನು ತಾವೇ ಬರೆದಿದ್ದರು. ಬೆಳಿಗ್ಗೆ ಇನ್ಸ್‌ಪೆಕ್ಟರ್ ಫೋನ್ ಮಾಡಿ ಠಾಣೆಗೆ ಬಂದು ಹೋಗಿ ಎಂದರು. ಬೈಯುತ್ತಾರೆ ಎಂದುಕೊಂಡು ಹೋದೆ. ಅವರು ಕುರ್ಚಿ ತೋರಿಸಿ, ಕಾಫಿ ತರಿಸಿದರು. ಬಯಲುಸೀಮೆಯ ಕಡೆಯವರು. ಬಂದು ಆರು ತಿಂಗಳಾಗಿತ್ತು, ಈ ಕಡೆಯ ಮಳೆಗಾಲ ಅವರಿಗೆ ಅದೇ ಮೊದಲನೆಯದು.

"ಮಕ್ಕಳ ಬೂಟು ನಂಗೂ ಕಂಡಿತ್ತು," ಎಂದರು. "ಆದ್ರೆ ನೋಡಿ, ಅವನನ್ನ ನಾನು ಬಿಟ್ಟು, ನಾಳೆ ಏನಾದ್ರೂ ಆಯ್ತು ಅಂದ್ರೆ, ನೀವೇ ಬರೀತೀರಿ ಪೊಲೀಸ್ರು ಏನ್ ಮಾಡ್ತಿದ್ರು ಅಂತ. ಬಿಟ್ರೆ ಎಲ್ರೂ ಕೇಳ್ತಾರೆ. ಹಿಡಿದ್ರೆ ಯಾರೂ ಕೇಳಲ್ಲ."

ಸರ್ಕಾರಗಳು ಬೆದರಿಕೆಯನ್ನು ಹಿಗ್ಗಿಸುತ್ತವೆಯೇ ಎಂದು ಆ ಮೂವರು ಯುವಕರು ಕೇಳಿದಾಗ ನಾನು ಈ ಮಾತನ್ನೇ ಹೇಳಿದೆ. ಯಾರೋ ಒಂದು ಕೋಣೆಯಲ್ಲಿ ಕೂತು ಸುಳ್ಳು ಹೆಣೆಯುತ್ತಾರೆ ಎಂದು ನಾನು ಕಂಡಿಲ್ಲ. ಕಡಿಮೆ ಅಂದಾಜು ಮಾಡಿದವನಿಗೆ ಶಿಕ್ಷೆ ಇದೆ, ಹೆಚ್ಚು ಅಂದಾಜು ಮಾಡಿದವನಿಗೆ ಇಲ್ಲ. ಹಾಗಿರುವಾಗ ಪೇದೆಯಿಂದ ಹಿಡಿದು ಮಂತ್ರಿಯವರೆಗೆ ಪ್ರತಿಯೊಬ್ಬರೂ ತಮ್ಮ ಪಾಲಿಗೆ ಒಂದಿಷ್ಟು ಸೇರಿಸಿ ಮುಂದಕ್ಕೆ ಕಳಿಸುತ್ತಾರೆ. ವರದಿಗಾರನೂ ಸೇರಿಸುತ್ತಾನೆ, ಮೊದಲ ಸುದ್ದಿಯಾಗಲಿ ಎಂದು. ಕೊನೆಗೆ ಅದೆಲ್ಲ ಸೇರಿದ ಭಾರ ಬೀಳುವುದು ಕೇಳುವವರಿಲ್ಲದ ಒಬ್ಬನ ಮೇಲೆ. ಹಿಡಿದಾಗ ಕೇಳುವುದು ನಮ್ಮ ಕೆಲಸವಾಗಿತ್ತು. ಕೇಳಿದ್ದೆವು, ಹದಿನೈದು ದಿನ ತಡವಾಗಿ.

ಪುಟ್ಟಯ್ಯನ ಮೇಲೆ ಹಾಕಿದ್ದು ಜಾಮೀನು ಸುಲಭದಲ್ಲಿ ಸಿಗದ ಕಾಯ್ದೆ. ಚಿಕ್ಕಮಗಳೂರಿನ ವಕೀಲೆಯೊಬ್ಬರು ಅವನ ಪರ ನಿಂತರು. ಜಪ್ತಿ ಪಂಚನಾಮೆಯಲ್ಲಿ 'ಬೂಟು ಎಂಟು ಜೊತೆ' ಎಂದಷ್ಟೇ ಇತ್ತು, ಅಳತೆ ಬರೆದಿರಲಿಲ್ಲ. ಅವರು ನಮ್ಮ ಪೂರ್ತಿ ಚಿತ್ರವನ್ನು ಮುಂದಿಟ್ಟರು. ವಿಚಾರಣೆ ನಡೆದಾಗ ಚಿತ್ರ ತೆಗೆದವನು ನಾನೇ ಎಂದು ಹೇಳಲು ಕೋರ್ಟಿಗೆ ಹೋದೆ. ನಂಜುಂಡಪ್ಪನವರೂ ಬಂದು, ಆ ಹಾಡಿಯವರು ಪ್ರತಿ ವರ್ಷ ಹೀಗೆಯೇ ಕೊಳ್ಳುತ್ತಾರೆ ಎಂದರು. ಸರ್ಕಾರಿ ವಕೀಲರು ಅವರನ್ನು, ಪ್ರತಿ ವರ್ಷ ಪೂರೈಕೆ ನಡೆಯುತ್ತಿತ್ತು ಅಂತ ಒಪ್ಪಿಕೊಳ್ಳುತ್ತೀರಾ ಎಂದು ಕೇಳಿದರು. ನಂಜುಂಡಪ್ಪನವರು, "ಹೌದು ಸ್ವಾಮಿ, ನಿಮ್ಮ ಊರಲ್ಲಿ ಪ್ರತಿ ದಿನ ನಡೆಯುತ್ತೆ, ನಮ್ಮಲ್ಲಿ ವರ್ಷಕ್ಕೆ ಒಂದ್ಸಲ" ಎಂದರು. ನ್ಯಾಯಾಧೀಶರು ತಲೆ ತಗ್ಗಿಸಿ ಏನೋ ಬರೆದುಕೊಂಡರು.

ವಿಚಾರಣೆಗೆ ಮೊದಲೇ ಜಾಮೀನು ಸಿಕ್ಕಿತ್ತು, ಆದರೆ ಆಗಲೇ ಮಳೆಗಾಲ ಮುಗಿದು ನವರಾತ್ರಿ ಹತ್ತಿರ ಬಂದಿತ್ತು. ಆಮೇಲೆ ಎರಡು ವರ್ಷ ಅಲೆದಾಡಿಸಿ ಖುಲಾಸೆಯೂ ಆಯಿತು. ಅದು ಒಳಪುಟದಲ್ಲಿ ಐದು ಸಾಲು ಬಂತು. ನಾನು ಹನ್ನೆರಡು ಸಾಲು ಕಳಿಸಿದ್ದೆ. ಸಾಮಾನನ್ನು ಹಿಂದಿರುಗಿಸಲು ಕೋರ್ಟ್ ಆದೇಶ ಕೊಟ್ಟಾಗ ಅಕ್ಕಿ ಠಾಣೆಯ ಕೋಣೆಯಲ್ಲಿ ಹಸಿರು ಬೂಸ್ಟು ಹಿಡಿದು ಗಂಟುಗಂಟಾಗಿತ್ತು.

ಆ ಮಳೆಗಾಲ ಹಾಡಿಯವರು ಬೈನೆ ಮರ ಕಡಿದು ಅದರ ತಿರುಳಿನ ಹಿಟ್ಟು ತಿಂದರು. ಹಲಸಿನ ಬೀಜ, ಕೆಸು, ಕಳಲೆ ತಿಂದರು. ಜ್ವರ ಬಂದವರು ಮಾತ್ರೆಯಿಲ್ಲದೆ ಮಲಗಿ ಎದ್ದರು. ಯಾರೂ ಸಾಯಲಿಲ್ಲ. ಹಾಗಾಗಿ ಅದು ಸುದ್ದಿಯಾಗಲಿಲ್ಲ.

ಖುಲಾಸೆಯ ಮರುವರ್ಷ ಮೇ ತಿಂಗಳಲ್ಲಿ ಹಾಡಿಗೆ ಹೋದೆ. ಯಾವ ವರದಿಗೂ ಅಲ್ಲ. ಕಾಲುಸಂಕ ಗಟ್ಟಿಯಾಗಿತ್ತು. ಪುಟ್ಟಯ್ಯ ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ. ಎದ್ದು ನಿಂತು, ಬನ್ನಿ ಎಂದು ಚಾಪೆ ಹಾಸಿದ. ಮೊದಲು ಬರೆದದ್ದು ನಾನೇ ಎಂದು ಹೇಳಿದೆ. ಗೊತ್ತು ಎಂದ. ಮತ್ತೆ ಕೂತು ಬುಟ್ಟಿ ಎತ್ತಿಕೊಂಡ. ಖುಲಾಸೆಯಾದದ್ದನ್ನು ಇನ್ನೊಮ್ಮೆ ದೊಡ್ಡದಾಗಿ ಬರೆಯಲೇ ಎಂದು ಕೇಳಿದೆ. ಅವನು ಬುಟ್ಟಿಯಿಂದ ತಲೆ ಎತ್ತದೆ, "ಬರೀಬೇಡಿ. ನನ್ ಹೆಸ್ರು ಇನ್ನೊಂದ್ಸಲ ಬರೋದೇ ಬೇಡ, ಒಳ್ಳೇದಕ್ಕೂ" ಎಂದ. ಇಲ್ಲಿ ಪುಟ್ಟಯ್ಯ ಎಂದು ಬರೆದಿರುವುದು ಅವನ ನಿಜವಾದ ಹೆಸರಲ್ಲ.

ಈ ಸಲ ಸಾಮಾನು ತರುವ ಪಾಳಿ ಯಾರದ್ದು ಎಂದೆ.

"ಪಾಳಿ ಇಲ್ಲ ಈಗ. ಅವರವರದ್ದು ಅವರವರೇ. ಒಬ್ರು ಒಂದ್ ಚೀಲ. ಒಂದೇ ದಿನ ಇಬ್ರು ಹೋಗಲ್ಲ."

ಮೂರು ತಿಂಗಳ ಸಾಮಾನು ಹಾಗೆ ತಂದರೆ ಎಷ್ಟು ಸಲ ನಡೆಯಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಪಕ್ಕದ ಮನೆಯ ಮುದುಕಿಗೆ ನಡೆಯಲಾಗುತ್ತಿರಲಿಲ್ಲ. ಅವಳು ಬಾಗಿಲಲ್ಲಿ ಕೂತು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಮನೆಗೆ ಯಾರು ತಂದುಕೊಡುತ್ತಾರೆ ಎಂದು ಕೇಳಿದೆ. ಪುಟ್ಟಯ್ಯ ಬುಟ್ಟಿಗೆ ಇನ್ನೊಂದು ಸೀಳು ಎಳೆದುಕೊಂಡ. ಗಿರಿಜ ಒಳಗಿನಿಂದ ಬಂದು, ಜ್ವರದ ಮಾತ್ರೆಯನ್ನೂ ಇವರು ಬೇರೆಯವರಿಗೆ ತರುವುದಿಲ್ಲ ಎಂದಳು. ಗಂಡನ ಮುಂದೆಯೇ ಹೇಳಿದಳು, ದೂರಿನ ಧಾಟಿಯಲ್ಲಲ್ಲ.

ಹೊರಡುವಾಗ, ಮುದುಕಿಯ ಸಾಮಾನನ್ನು ನಾನೇ ತಂದುಕೊಡಲೇ ಎಂದೆ. ಪುಟ್ಟಯ್ಯ ಸ್ವಲ್ಪ ಯೋಚಿಸಿದ.

"ನೀವು ತಂದ್ರೆ ಅಡ್ಡಿಲ್ಲ. ಹಂಗಾದ್ರೆ ಎಂಟು ಮನೇದೂ ತಂದ್ಬಿಡಿ."

ಮೊದಲಿಗೆ ತಮಾಷೆ ಎಂದುಕೊಂಡೆ. ಅವನ ಮುಖದಲ್ಲಿ ನಗು ಇರಲಿಲ್ಲ. ಮನೆಮನೆಗೆ ಹೋಗಿ ಕೇಳಿಕೊಂಡು ಬಂದು, ಒಂದೊಂದಾಗಿ ಹೇಳಿದ. ನಾನು ಬರೆದುಕೊಂಡೆ.

ಎರಡು ದಿನ ಬಿಟ್ಟು ಪರಿಚಯದವರ ಜೀಪು ಪಡೆದು ನಂಜುಂಡಪ್ಪನವರ ಅಂಗಡಿಯಿಂದ ಎಲ್ಲವನ್ನೂ ತುಂಬಿಸಿದೆ. ಹಿಂದಿನ ಸೀಟು ತೆಗೆಸಬೇಕಾಯಿತು. ಮೂಟೆಗಳು ಹೊರಗೆ ಕಾಣುತ್ತಿದ್ದವು, ಮೇಲೆ ಏನನ್ನೂ ಮುಚ್ಚಿರಲಿಲ್ಲ. ಕೇಳಿದರೆ ಹೇಳಲು ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ: ಯಾರ ಮನೆಗೆ, ಎಷ್ಟು ಜನ, ಯಾಕೆ ಇಷ್ಟು.

ನಾಕಾದಲ್ಲಿ ಪೇದೆ ಎದ್ದು ಬಂದ. ಕನ್ನಡಕ ಹಾಕಿದ ನನ್ನ ಮುಖ ನೋಡಿದ. "ಏನ್ ಸಾರ್, ಈ ಕಡೆ?" ಎಂದು ನಮಸ್ಕಾರ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಅಡ್ಡಗಂಬ ಎತ್ತಿದ.